ಬೀದರ ಸೀಮೆಯ ಜಲವ್ಯವಸ್ಥೆಯೂ ಪೌರಾರೋಗ್ಯವೂ

ಯಾವುದೊಂದು ಊರಿನ ಇತಿಹಾಸವನ್ನು ಬರೆಯಹೊರಟವರು ಅಲ್ಲಿಯ ಅರಸರ ವಂಶಾವಳಿಯನ್ನೂ ಕಾಳಗಗಳನ್ನೂ ಕೋಟೆಕೊತ್ತಲಗಳನ್ನೂ ವರ್ಣಿಸಿ ಕೃತಕೃತ್ಯರಾಗುವುದು ವಾಡಿಕೆಯಾಗಿದೆ. ಆ ಊರಿನ ಜನರು ಯಾವ ನೀರನ್ನು ಕುಡಿದರು, ರೋಗ ಬಂದಾಗ ಯಾರ ಬಾಗಿಲಿಗೆ ಹೋದರು, ಬೀದಿಯ ಕಸವನ್ನು ತೆಗೆದವರಾರು, ಅದರ ವೆಚ್ಚವನ್ನು ಕೊಟ್ಟವರಾರು ಎಂಬಿವೇ ಮೊದಲಾದ ಪ್ರಶ್ನೆಗಳನ್ನು ಕೇಳುವವರು ವಿರಳ. ಬೀದರ, ಭಾಲ್ಕಿ, ಔರಾದ ಈ ಮೂರು ಸ್ಥಳಗಳ ಮಟ್ಟಿಗೆ ಈ ಪ್ರಶ್ನೆಗಳನ್ನು ಕೇಳಿ ನೋಡಬೇಕೆಂಬುದು ಈ ಲೇಖನದ ಉದ್ದೇಶವು. ಶ್ರೀಮಠದ ಉತ್ಸವಕ್ಕೆ ವರ್ಷವರ್ಷವೂ ಸಹಸ್ರಾರು ಜನರು ನೆರೆಯುವಾಗ ಅವರಿಗೆಲ್ಲ ಪ್ರಸಾದ ಹೇಗೆ ಒದಗೀತೆಂದು ಚಿಂತಿಸುವ ಸದ್ಭಕ್ತರಿಗೆ, ನೀರು ಹೇಗೆ ಒದಗೀತೆಂಬ ಚಿಂತೆಯು ಹೊಸದೇನೂ ಅಲ್ಲ. ಆದುದರಿಂದ ಈ ವಿಷಯವು ಇಲ್ಲಿ ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಮೊದಲು ನೆಲದ ಲಕ್ಷಣವನ್ನು ತಿಳಿಯಬೇಕು. ಬೀದರ ನಗರವು ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗಳಿಗೂ ಮಿಕ್ಕಿ ಎತ್ತರವಾದ ಒಂದು ಕೆಂಪು ದಿಣ್ಣೆಯ ಅಂಚಿನಲ್ಲಿ ನೆಲೆಸಿದೆ. ಈ ದಿಣ್ಣೆಯ ಮೇಲುಹೊದಿಕೆಯು ಜಂಬಿಟ್ಟಿಗೆ ಕಲ್ಲು. ಅದು ಜೇನಹುಟ್ಟಿನಂತೆ ತೂತುತೂತಾಗಿ, ಬಿದ್ದ ಮಳೆಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಅದರ ಕೆಳಗಿರುವುದು ದಖ್ಖಣದ ಕರಿಗಲ್ಲು. ಅದು ನೀರನ್ನು ಅಷ್ಟು ಸುಲಭವಾಗಿ ಒಳಗೆ ಬಿಡದು. ಹೀಗಾಗಿ ಮೇಲಿನಿಂದ ಇಳಿದ ನೀರು ಎರಡು ಕಲ್ಲುಗಳ ಸಂಧಿಯಲ್ಲಿ ತಂಗಿ, ದಿಣ್ಣೆಯ ಪಕ್ಕೆಯಲ್ಲಿ ಬಿರುಕು ದೊರೆತಲ್ಲಿ ಚಿಲುಮೆಯಾಗಿ ಹೊರಬೀಳುತ್ತದೆ. ಪಾಪನಾಶದ ಕುಂಡವೂ, ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯಬೇಕಾದ ನರಸಿಂಹ ಝರಣಿಯೂ, ಸಿಖ್ಖರು ಭಕ್ತಿಯಿಂದ ಸೇವಿಸುವ ಗುರುನಾನಕ ಝೀರಾವೂ ಈ ಒಂದೇ ಕಾರಣದಿಂದ ಹುಟ್ಟಿದವು. ಶೈವರಿಗೂ ವೈಷ್ಣವರಿಗೂ ಸಿಖ್ಖರಿಗೂ ಬೇರೆಬೇರೆ ತೀರ್ಥಗಳಾದರೂ ನೆಲದೊಳಗಿನ ಊಟೆಯು ಒಂದೇ ಬಗೆಯದೆಂಬುದನ್ನು ಇಲ್ಲಿ ಗಮನಿಸಬಹುದು.

ಭಾಲ್ಕಿ, ಔರಾದಗಳ ಸ್ಥಿತಿ ಇದಕ್ಕೆ ಭಿನ್ನವು. ಅಲ್ಲಿ ಬಹುಭಾಗ ಕರಿಗಲ್ಲಿನ ಮೇಲಣ ಎರೆಭೂಮಿ. ಮಾಂಜರಾ ನದಿಯೂ ಅದಕ್ಕೆ ಕೂಡುವ ಕಾರಂಜಾ ಹೊಳೆಯೂ ಈ ಸೀಮೆಯಲ್ಲಿ ಹರಿಯುತ್ತಿದ್ದರೂ, ದಂಡೆಯಿಂದ ದೂರವಾದ ಹಳ್ಳಿಗಳಿಗೆ ಬಾವಿಯೇ ಗತಿ. ಬೇಸಗೆಯ ಮೋರೆ ಕಂಡೊಡನೆ ಆ ಬಾವಿಗಳ ತಳವೂ ಕಾಣುವುದು. ಒಂದೇ ಜಿಲ್ಹೆಯೊಳಗೆ ಇರುವ ಈ ಭೇದವನ್ನು ಮರೆತು ಮಾಡಿದ ಯೋಜನೆಗಳು ಎಷ್ಟೋ ಸಲ ಕೆಟ್ಟಿವೆ.

ಗುಲಬರ್ಗೆಯಿಂದ ರಾಜಧಾನಿಯನ್ನು ಬೀದರಕ್ಕೆ ತಂದವನು ಕ್ರಿ.ಶ. ೧೪೨೨ರಿಂದ ೧೪೩೬ರ ವರೆಗೆ ಆಳಿದ ಅಹಮದಶಹಾ ಬಹಮನಿಯು. ರಾಜಧಾನಿಯು ಬಂದಿತೆಂದರೆ ಸೈನ್ಯವೂ ಕುದುರೆ ಆನೆಗಳೂ ವರ್ತಕರೂ ಕುಶಲಕರ್ಮಿಗಳೂ ಬಂದಂತೆ. ದಿಣ್ಣೆಯ ಮೇಲೆ ಹೊಳೆಯಿಲ್ಲ. ಅಷ್ಟು ಜನಕ್ಕೆ ನೀರು ಎಲ್ಲಿಂದ? ಈ ಪ್ರಶ್ನೆಗೆ ಬಹಮನಿ ಕಾಲದವರು ಕಂಡುಕೊಂಡ ಉತ್ತರವೇ ಬೀದರದ ಸುರಂಗ ಕಾಲುವೆಗಳು, ಎಂದರೆ 'ಕರೇಜ'ಗಳು. ಈ ವಿದ್ಯೆಯ ತವರು ಇರಾಣ ದೇಶ. ಅಲ್ಲಿ ಇದನ್ನು ಕನಾತವೆಂದು ಕರೆಯುತ್ತಾರೆ. ಬಹಮನಿ ಆಸ್ಥಾನದಲ್ಲಿ ಇರಾಣದಿಂದ ಬಂದ ಮೇಧಾವಿಗಳಿಗೆ ದೊಡ್ಡ ಮನ್ನಣೆಯಿತ್ತಾದ್ದರಿಂದ ಅವರೊಡನೆ ಈ ವಿದ್ಯೆಯೂ ಇತ್ತ ಬಂದಿರುವುದು ಸಹಜವೇ.

ಕರೇಜದ ರಚನೆಯು ಹೀಗೆ: ನೀರಿನ ಸೆಲೆಯಿರುವ ಎತ್ತರದ ಸ್ಥಳದಲ್ಲಿ ಒಂದು ತಾಯಿಬಾವಿಯನ್ನು ತೋಡುವರು. ಅದರ ತಳದಿಂದ ನೆಲದೊಳಗೆ ಅತ್ಯಲ್ಪ ಇಳಿಜಾರಾದ ಸುರಂಗವನ್ನು ಕೊರೆಯುತ್ತ ಹೋಗುವರು. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಕಿಂಡಿಬಾವಿಗಳನ್ನು ಇಳಿಸುವರು. ಕೆಲಸ ನಡೆಯುವಾಗ ಕಲ್ಲುಮಣ್ಣು ಹೊರಹಾಕಲಿಕ್ಕೂ ಒಳಗಿದ್ದವರಿಗೆ ಗಾಳಿ ಬೆಳಕು ದೊರೆಯಲಿಕ್ಕೂ ಅವು ಬೇಕು. ಕೆಲಸ ಮುಗಿದ ಮೇಲೆ ಹೂಳು ತೆಗೆಯಲಿಕ್ಕೂ ನೀರು ಸೇದಲಿಕ್ಕೂ ಅವೇ ದಾರಿ. ಏತವಿಲ್ಲ, ಕಪಿಲೆಯಿಲ್ಲ, ಎತ್ತುಗಳ ಶ್ರಮವಿಲ್ಲ. ನೀರು ತನ್ನ ಭಾರದಿಂದಲೇ ಹರಿದು ಊರ ಬಳಿಗೆ ಬರುವುದು. ಬಿಸಿಲಿಗೆ ಸಿಕ್ಕದ್ದರಿಂದ ಆರಿಹೋಗದು. ಸುರಂಗವು ಒಂದು ಗೇಣು ಹೆಚ್ಚು ಇಳಿದರೆ ನೀರು ಮಣ್ಣನ್ನು ಕೊರೆಯುವುದು, ಕಡಮೆ ಇಳಿದರೆ ನಿಂತು ಹೂಳು ಕಟ್ಟುವುದು. ಇಂದಿನ ಯಂತ್ರಗಳಿಲ್ಲದ ಆ ಕಾಲದಲ್ಲಿ ಈ ಮಟ್ಟವನ್ನು ನೆಲದಡಿಯ ಕತ್ತಲೆಯಲ್ಲಿ ಕಾದುಕೊಂಡ ಕೆಲಸಗಾರರ ಹೆಸರನ್ನು ಯಾವ ಶಿಲಾಶಾಸನವೂ ಹೇಳುವುದಿಲ್ಲ. ನೌಬಾದ, ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಮೂರು ವ್ಯವಸ್ಥೆಗಳು ಬೀದರದಲ್ಲಿ ಗುರುತಿಸಲ್ಪಟ್ಟಿವೆ. ಇವುಗಳಲ್ಲಿ ನೌಬಾದದ್ದು ಮೈಲಿಗೂ ಮಿಕ್ಕಿ ಉದ್ದವಾಗಿದ್ದು, ಅದಕ್ಕೆ ಇಪ್ಪತ್ತರಷ್ಟು ಕಿಂಡಿಬಾವಿಗಳಿವೆ. ವಿಜಾಪುರ, ಔರಂಗಾಬಾದ, ಬುರ್ಹಾಣಪುರಗಳಲ್ಲಿಯೂ ಈ ತರದ ಕೆಲಸಗಳಾದವಾದರೂ ಬೀದರದವು ಅವೆಲ್ಲವುಗಳಿಗಿಂತ ಹಿಂದಿನ ಕಾಲದವೆಂದು ಎಣಿಸಲ್ಪಡುತ್ತವೆ.

ಆರೋಗ್ಯದ ದೃಷ್ಟಿಯಿಂದ ಕರೇಜದ ಮೇಲ್ಮೆಯೇನೆಂದರೆ, ಇಲ್ಲಿ ಜನರು ನೀರಿನೊಳಕ್ಕೆ ಇಳಿಯುವುದಿಲ್ಲ. ಇದು ಎಷ್ಟು ಮಹತ್ವದ ಸಂಗತಿಯೆಂಬುದು ಮುಂದೆ ತಿಳಿಯುವುದು.

ರೋಗಿಗಳ ವಿಷಯಕ್ಕೆ ಬರೋಣ. ವಿಜಾಪುರದ ಆಶ್ರಯದಲ್ಲಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ ಚರಿತ್ರೆಯನ್ನು ಬರೆದ ಫಿರಿಸ್ತಾನು ಬಹಮನಿ ಅರಸರ ಕೆಲವು ಲೋಕೋಪಕಾರದ ಕಾರ್ಯಗಳನ್ನು ಹೇಳಿದ್ದಾನೆ. ೧೩೭೮ರಿಂದ ೧೩೯೭ರ ವರೆಗೆ ಆಳಿದ ಎರಡನೆಯ ಮಹಮ್ಮದನು ಕ್ಷಾಮಕಾಲದಲ್ಲಿ ಹತ್ತು ಸಾವಿರ ಎತ್ತುಗಳನ್ನು ಹೂಡಿ ಮಾಳವ ಗುಜರಾಥಗಳಿಂದ ಧಾನ್ಯ ತರಿಸಿದನಂತೆ; ಬೀದರವೇ ಮುಂತಾದ ಊರುಗಳಲ್ಲಿ ಅನಾಥ ಮಕ್ಕಳ ಸಲುವಾಗಿ ಶಾಲೆಗಳನ್ನು ತೆರೆದನಂತೆ. ೧೪೩೬ರಿಂದ ೧೪೫೮ರ ವರೆಗೆ ಆಳಿದ ಎರಡನೆಯ ಅಲ್ಲಾಉದ್ದೀನ ಅಹಮದನು ಬೀದರದಲ್ಲಿ ಒಂದು ದೊಡ್ಡ ವೈದ್ಯಶಾಲೆಯನ್ನು ಕಟ್ಟಿಸಿ, ಅದರ ಔಷಧ ಆಹಾರಗಳ ವೆಚ್ಚಕ್ಕೆಂದು ಕೆಲವು ಗ್ರಾಮಗಳ ಉತ್ಪನ್ನವನ್ನು ಬಿಟ್ಟುಕೊಟ್ಟು, ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ಕೂಡಿಯೇ ನೇಮಿಸಿದನು. ಆಸ್ಥಾನದ ಚರಿತ್ರಕಾರರು ಅರಸರ ಗುಣಗಳನ್ನು ಹಿಗ್ಗಿಸಿ ಹೇಳುವುದುಂಟು. ಆದರೂ ಗ್ರಾಮಗಳ ಉತ್ಪನ್ನವನ್ನು ಬಿಟ್ಟರೆಂಬ ಮಾತು ಕೇವಲ ಹೊಗಳಿಕೆಯಂತೆ ತೋರುವುದಿಲ್ಲ. ಅರಸನ ಮನಸ್ಸು ಬಂದಾಗ ಕೊಡುವ ದಾನಕ್ಕೂ, ವರ್ಷವರ್ಷವೂ ನಿಶ್ಚಿತವಾಗಿ ಬರುವ ಉತ್ಪನ್ನಕ್ಕೂ ಬಹಳ ಅಂತರವಿದೆ. ಮಠಮಾನ್ಯಗಳ ಉಂಬಳಿಯ ವ್ಯವಹಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಅರಸನ ಇನ್ನೊಂದು ಕಾರ್ಯವನ್ನು ಫಿರಿಸ್ತಾನು ಮೆಚ್ಚಿ ಬರೆದಿದ್ದಾನೆ. ನಾವು ಅಷ್ಟು ಮೆಚ್ಚಲಾರೆವು. ಊರಲ್ಲಿ ಅಲೆಯುವ ಸೋಮಾರಿಗಳನ್ನೂ ಜೂಜುಗಾರರನ್ನೂ ಹಿಡಿಸಿ, ಕೊರಳಿಗೆ ಕಬ್ಬಿಣದ ಪಟ್ಟಿ ಹಾಕಿಸಿ, ಬೀದಿಯ ಹೊಲಸನ್ನು ತೆಗೆಯಲಿಕ್ಕೆ ಹಚ್ಚಿದನೆಂದು ಅವನ ಹೇಳಿಕೆ. ಊರು ನಿರ್ಮಲವಾಯಿತೇನೋ ಸರಿ. ಆದರೆ ನಿರ್ಮಲತೆಯ ಕೆಲಸವು ಶಿಕ್ಷೆಯೆಂದಾಯಿತು. ಅದಕ್ಕೂ ಮುನ್ನೂರು ವರ್ಷಗಳ ಹಿಂದೆ, ಇದೇ ಸೀಮೆಯ ಕಲ್ಯಾಣದ ಶರಣ ಪರಂಪರೆಯಲ್ಲಿ, ಅಂಗಳದ ಕಸಗುಡಿಸುವುದನ್ನು ಕಾಯಕವಾಗಿ ಕೈಕೊಂಡ ಸತ್ಯಕ್ಕನೂ, ವೈದ್ಯವೃತ್ತಿಯನ್ನು ಕಾಯಕವಾಗಿ ನಡೆಸಿದ ವೈದ್ಯ ಸಂಗಣ್ಣನೂ ಒಂದೇ ಪಂಕ್ತಿಯಲ್ಲಿ ಎಣಿಸಲ್ಪಟ್ಟಿದ್ದರೆಂಬುದನ್ನು ಈ ಪ್ರಸಂಗದಲ್ಲಿ ನೆನೆಯದೆ ಇರಲಾಗದು. ಪೌರಾರೋಗ್ಯದಲ್ಲಿ ವೈದ್ಯನಷ್ಟೇ ಕಸ ತೆಗೆಯುವವನೂ ಅವಶ್ಯಕನೆಂಬ ತತ್ತ್ವವನ್ನು ಆಧುನಿಕ ಸರಕಾರಗಳು ಬಾಯಿಮಾತಿನಲ್ಲಿ ಒಪ್ಪುತ್ತವೆ. ವೇತನದ ಪಟ್ಟಿಯಲ್ಲಿ ಒಪ್ಪಿದ್ದು ಕಾಣುವುದಿಲ್ಲ.

೧೪೭೦ರ ಸುಮಾರಿಗೆ ಬೀದರಕ್ಕೆ ಬಂದಿದ್ದ ರಶಿಯಾದ ವರ್ತಕ ನಿಕಿಟಿನನು ಸರದಾರರ ವೈಭವವನ್ನೂ ಹಳ್ಳಿಯ ಜನರ ಕಡುಬಡತನವನ್ನೂ ಒಟ್ಟಿಗೆ ಕಂಡು ಬರೆದನು. ಅದೇ ದಶಕದಲ್ಲಿ, ೧೪೭೨ರಲ್ಲಿ, ಮಹಮೂದ ಗವಾನನ ವಿದ್ಯಾಲಯವು ಎದ್ದು ನಿಂತಿತು. ವಿದ್ಯಾಲಯದ ಭಾಗವಾದರೂ ಇಂದಿಗೆ ಉಳಿದಿದೆ. ಅಲ್ಲಾಉದ್ದೀನನ ವೈದ್ಯಶಾಲೆಯು ಉಳಿಯಲಿಲ್ಲ. ೧೬೧೯ರಲ್ಲಿ ಬರೀದಶಾಹಿಯು ವಿಜಾಪುರದ ಪಾಲಾಗಿ, ಆ ಬಳಿಕ ಔರಂಗಜೇಬನ ಮುತ್ತಿಗೆಯಾಗಿ, ಕೊನೆಗೆ ೧೭೨೪ರ ತರುವಾಯ ನಿಜಾಮರ ಕೈಸೇರುವ ಹೊತ್ತಿಗೆ ಬೀದರವು ರಾಜಧಾನಿಯ ಪದವಿಯನ್ನು ಕಳೆದುಕೊಂಡ ಒಂದು ಮೊಫಸ್ಸಲು ಊರಾಗಿತ್ತು. ಊರು ಕುಗ್ಗಿದ ಮೇಲೆ ಕರೇಜಗಳ ಹೂಳು ತೆಗೆಯುವವರು ಯಾರು? ಮನೆಮನೆಗೆ ಬಾವಿಗಳಾದವು, ಸುರಂಗವು ಮರೆಯಾಯಿತು. ಊರ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳೆಂಬ ವ್ಯಾಯಾಮಶಾಲೆಗಳಿದ್ದುದನ್ನು, ೧೯೪೭ರಲ್ಲಿ ಬೀದರದ ಸ್ಮಾರಕಗಳ ಬಗ್ಗೆ ಬೃಹದ್ಗ್ರಂಥವನ್ನು ಪ್ರಕಟಿಸಿದ ಗುಲಾಮ ಯಜ್ದಾನಿಯವರು ದಾಖಲೆ ಮಾಡಿದ್ದಾರೆ. ದೇಹದಾರ್ಢ್ಯವನ್ನು ಕೇರಿಕೇರಿಗೆ ಹಂಚಿದ ಈ ಏರ್ಪಾಡು ಒಂದು ಜಾಣತನವೇ ಸರಿ.

ನಿಜಾಮರ ಸಂಸ್ಥಾನದಲ್ಲಿ ೧೮೫೩ರಿಂದ ೧೮೮೩ರ ವರೆಗೆ ದಿವಾಣರಾಗಿದ್ದ ಮೊದಲನೆಯ ಸಾಲಾರಜಂಗರು ಜಿಲ್ಹೆ ತಾಲೂಕುಗಳ ಕ್ರಮವನ್ನು ಏರ್ಪಡಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಕರವನ್ನು ಕೂಡಿಸಿ, ಅದರಿಂದ ದಾರಿ, ಶಾಲೆ, ದವಾಖಾನೆ ಮುಂತಾದವುಗಳನ್ನು ನಡೆಯಿಸುವ ಪದ್ಧತಿಯು ಬಂದಿತು. ಒಕ್ಕಲಿಗನು ತೆತ್ತ ಆಣೆಯು ಒಕ್ಕಲಿಗನ ಊರಿಗೇ ತಿರುಗಿ ಬರಬೇಕೆಂಬ ಧೋರಣೆಯು ಇದರಲ್ಲಿ ಅಡಗಿತ್ತು. ಆದರೆ ಆ ಆಣೆಯನ್ನು ಎಲ್ಲಿ ವೆಚ್ಚ ಮಾಡಬೇಕೆಂಬ ನಿರ್ಣಯದಲ್ಲಿ ಒಕ್ಕಲಿಗನ ಮಾತಿಗೆ ಎಡೆಯಿರಲಿಲ್ಲ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಊರಿನ ಮಾತೋ ಕನ್ನಡ, ಮರಾಠಿ, ಔರಾದದ ಮೂಡಲ ಹಳ್ಳಿಗಳಲ್ಲಿ ತೆಲುಗು. ನೀರನ್ನು ಕುದಿಸಿ ಕುಡಿಯಿರೆಂಬ ಒಂದು ಸಾಲಿನ ಸೂಚನೆಯು ಚಾವಡಿಯ ಗೋಡೆಗೆ ಅಂಟಿದ್ದರೂ ಅದನ್ನು ಓದಿ ಹೇಳಬಲ್ಲವರು ಊರಿಗೆ ಒಬ್ಬಿಬ್ಬರು ಮಾತ್ರ.

ಅಂಥ ಕಾಲದಲ್ಲಿಯೇ ಉತ್ಪಾತಗಳು ಒಂದರ ಹಿಂದೆ ಒಂದು ಬಂದವು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಬೇಗನೆ ದಖ್ಖಣವನ್ನು ವ್ಯಾಪಿಸಿತು. ೧೮೯೯-೧೯೦೦ರ ಕ್ಷಾಮವು ಅದಕ್ಕೆ ಕೂಡಿತು. ೧೮೯೧ರ ಖಾನೇಸುಮಾರಿಯಲ್ಲಿ ಒಂಬತ್ತು ಲಕ್ಷದಷ್ಟಿದ್ದ ಆಗಿನ ಬೀದರ ಜಿಲ್ಹೆಯ ಜನಸಂಖ್ಯೆಯು ೧೯೦೧ರಲ್ಲಿ ಸುಮಾರು ಏಳು ಲಕ್ಷ ಅರುವತ್ತಾರು ಸಾವಿರಕ್ಕೆ ಇಳಿಯಿತು. ಸತ್ತವರೆಷ್ಟು, ಕೂಳಿಗಾಗಿ ಊರು ಬಿಟ್ಟವರೆಷ್ಟು ಎಂಬುದನ್ನು ಈ ಅಂಕಿಯು ಬೇರ್ಪಡಿಸಿ ಹೇಳದು. ಏಳು ಮಂದಿಯಲ್ಲಿ ಒಬ್ಬನು ಇಲ್ಲವಾದನೆಂಬುದಿಷ್ಟೇ ಅದರ ಸಾರ. ೧೮೯೭ರಲ್ಲಿ ಮುಂಬಯಿಯಲ್ಲಿ ಹಾಫಕಿನ್ನರು ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದ್ದರೂ ಹಳ್ಳಿಗರು ನಂಬಿದ ಮದ್ದು ಬೇರೆ: ಇಲಿ ಬಿದ್ದೊಡನೆ ಊರನ್ನು ತೊರೆದು ಹೊಲದಲ್ಲಿ ಗುಡಿಸಲು ಹಾಕುವುದು. ಇದನ್ನು ಅಜ್ಞಾನವೆಂದು ಅಧಿಕಾರಿಗಳು ನಕ್ಕಿದ್ದುಂಟು. ಇಲಿಯ ಮೈಮೇಲಣ ಚಿಗಟದಿಂದ ರೋಗ ಹಬ್ಬುವುದೆಂದು ಶಾಸ್ತ್ರಜ್ಞರು ನಿರ್ಣಯಿಸಿದ ಮೇಲೆ ಹಳ್ಳಿಗರ ಉಪಾಯವೇ ಯುಕ್ತವಾದುದೆಂದು ತಿಳಿಯಿತು.

ಈಗ ಬಾವಿಯ ಮಾತಿಗೆ ಮರಳೋಣ. ಮೆಟ್ಟಿಲು ಬಾವಿಗಳನ್ನು ಕಟ್ಟಿಸುವುದು ನಮ್ಮ ನಾಡಿನಲ್ಲಿ ಮಹಾಪುಣ್ಯವೆನಿಸಿತ್ತು. ಅವುಗಳ ಕಲ್ಲುಕೆಲಸವನ್ನು ನೋಡಿ ಕಣ್ಣು ತಣಿಯುತ್ತದೆ. ಆದರೆ ನಾರುಹುಣ್ಣೆಂಬ ಘೋರ ವ್ಯಾಧಿಯು ಈ ಮೆಟ್ಟಿಲುಗಳಿಂದಲೇ ಬೆಳೆಯಿತು. ನಾರುಹುಳವು ಮನುಷ್ಯನ ಕಾಲಿನಲ್ಲಿ ಬೊಬ್ಬೆಯನ್ನೆಬ್ಬಿಸುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಬಾವಿಗಿಳಿದು ಕಾಲು ನೆನೆಯಿಸಿದೊಡನೆ ಹುಳವು ಸಹಸ್ರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ನೀರಿನೊಳಗಿನ ಒಂದು ಸೂಕ್ಷ್ಮ ಜಂತು ಆ ಮರಿಗಳನ್ನು ನುಂಗುತ್ತದೆ. ಆ ಜಂತುವಿರುವ ನೀರನ್ನು ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಮೊಳದುದ್ದದ, ಕೆಲವೊಮ್ಮೆ ಇನ್ನೂ ಉದ್ದದ, ನಾರು ಹೊರಡುತ್ತದೆ. ಬಿತ್ತನೆಯ ಹೊತ್ತಿಗೆ ಸರಿಯಾಗಿ ಒಕ್ಕಲಿಗನು ಮಲಗಿದನೆಂದರೆ ಆ ವರ್ಷದ ಬೆಳೆಯೂ ಮಲಗಿದಂತೆ. ಇದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧವೂ ಇಲ್ಲ. ರೋಗಿಯು ನೀರಿಗಿಳಿಯದಂತೆ ನೋಡಿಕೊಳ್ಳಬೇಕು, ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಬೇಕು, ಇವೆರಡು ಮುಖ್ಯ ಉಪಾಯಗಳು. ನೀರನ್ನು ಸೋಸಿಯೇ ಬಳಸಬೇಕೆಂಬ ನಮ್ಮ ಹಿರಿಯರ ಆಚಾರವನ್ನು ಬಿಡದೆ ನಡೆಯಿಸಿದ ಮನೆಗಳಿಗೆ ಇದರಿಂದ ಎಷ್ಟು ರಕ್ಷಣೆಯಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ನಿಜಾಮ ಸರಕಾರವು ಬಾವಿ ತೋಡುವ ಸಲುವಾಗಿಯೇ ಒಂದು ಪ್ರತ್ಯೇಕ ಇಲಾಖೆಯನ್ನು ನಡೆಯಿಸಿ, ಸೇದುವ ಬಾವಿಗಳನ್ನು ಹೆಚ್ಚಿಸಲು ಯತ್ನಿಸಿತು. ಕೆಲಸವು ಮುಗಿಯಲಿಲ್ಲ. ೧೯೪೮ರ ಸೆಪ್ಟೆಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ನೆಯ ನವೆಂಬರ ೧ರಂದು ಜಿಲ್ಹೆಯು ಭಾಷೆಯ ಮೇರೆಗೆ ಹಂಚಿಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣಗಳ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ, ಜಹೀರಾಬಾದಗಳು ಆಂಧ್ರಕ್ಕೂ ಹೋದವು. ರೋಗಕ್ಕೂ ನೀರಿಗೂ ಈ ಗೆರೆ ಗೊತ್ತಾಗಲಿಲ್ಲವೆಂದು ಬೇರೆ ಹೇಳಬೇಕೆ? ನಾರುಹುಣ್ಣಿನ ವಿರುದ್ಧ ಅಖಿಲ ಭಾರತದ ಕಾರ್ಯಕ್ರಮವು ೧೯೮೩-೮೪ರಲ್ಲಿ ಆರಂಭವಾಯಿತು. ಕರ್ನಾಟಕವೂ ಆ ರೋಗವಿದ್ದ ರಾಜ್ಯಗಳಲ್ಲೊಂದು. ಮೆಟ್ಟಿಲು ಬಾವಿಗಳನ್ನು ಮುಚ್ಚಿ ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೊಳವೆಬಾವಿಗಳನ್ನು ಕೊರೆಯುವುದು, ಮನೆಮನೆಗೆ ಹೋಗಿ ಸೋಸುವುದನ್ನು ಕಲಿಸುವುದು ಹೀಗೆ ಕೆಲಸ ನಡೆದು, ೧೯೯೬ರಲ್ಲಿ ರಾಜಸ್ಥಾನದಲ್ಲಿ ದೇಶದ ಕಟ್ಟಕಡೆಯ ರೋಗಿಯು ಕಂಡುಬಂದನು. ೨೦೦೦ದಲ್ಲಿ ಭಾರತವು ಈ ವ್ಯಾಧಿಯಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಮದ್ದಿಲ್ಲದ ರೋಗವೊಂದನ್ನು ಕೇವಲ ನೀರಿನ ಶಿಸ್ತಿನಿಂದ ದೇಶದಿಂದ ಓಡಿಸಿದ ಈ ಸಂಗತಿಗೆ ದೊರೆಯಬೇಕಾದಷ್ಟು ಕೀರ್ತಿ ದೊರೆತಿಲ್ಲ.

ಆಮೇಲಿನ ಕಾಲದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆನು. ಭಾಲ್ಕಿ ತಾಲೂಕಿನಲ್ಲಿ ಕಾರಂಜಾ ಹೊಳೆಗೆ ಕಟ್ಟೆ ಕಟ್ಟಲ್ಪಟ್ಟು, ಅದರ ನೀರು ಬೀದರ ನಗರಕ್ಕೂ ಬಂದಿತು. ೨೦೦೨ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ರಾಜ್ಯದ ೧೭೫ ತಾಲೂಕುಗಳಲ್ಲಿ ೧೧೪ ತಾಲೂಕುಗಳು ಹಿಂದುಳಿದವೆಂದು ಎಣಿಸಿ, ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವುಗಳೆಂದು ಬೇರ್ಪಡಿಸಿತು. ಔರಾದವು ಆ ಕೊನೆಯ ಪಂಕ್ತಿಯಲ್ಲಿತ್ತು. ೨೦೦೭ರಲ್ಲಿ ಬೀದರದಲ್ಲಿ ಸರಕಾರಿ ವೈದ್ಯಕೀಯ ವಿದ್ಯಾಲಯವು ಸ್ಥಾಪಿತವಾಯಿತು. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ೩೭೧ ಜೆ ವಿಧಿಯು ಬಂದು, ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಹಣವೂ ಒದಗಿದವು. ಅಲ್ಲಾಉದ್ದೀನನು ಬಿಟ್ಟುಕೊಟ್ಟ ಗ್ರಾಮಗಳ ಉತ್ಪನ್ನದಂತೆಯೂ, ಸಾಲಾರಜಂಗರ ನಂತರದ ಒಂದಾಣೆಯಂತೆಯೂ ಇದೂ ಒಂದು ಮೀಸಲು. ಆದರೆ ಈ ಸಲ ಅದನ್ನು ಹೇಗೆ ವೆಚ್ಚ ಮಾಡಬೇಕೆಂಬುದರಲ್ಲಿ ಊರಿನವರಿಗೂ ಮಾತಿದೆ. ೧೯೯೩ರ ಪಂಚಾಯತರಾಜ್ಯ ಕಾಯಿದೆಯ ಮೇರೆಗೆ ಕುಡಿಯುವ ನೀರು, ನಿರ್ಮಲತೆ, ಆರೋಗ್ಯ ಇವು ಪಂಚಾಯತಿಗಳ ಕರ್ತವ್ಯಗಳು. ಸಂವಿಧಾನದ ಹನ್ನೆರಡನೆಯ ಅನುಸೂಚಿಯಂತೆ ಪೌರಸಭೆಗಳಿಗೂ ಅವೇ ವಿಷಯಗಳು ಹೇಳಲ್ಪಟ್ಟಿವೆ. ಪಟ್ಟಣಗಳ ಯೋಜನೆಯನ್ನೂ ಹಳ್ಳಿಗಳ ಯೋಜನೆಯನ್ನೂ ಒಂದುಗೂಡಿಸಲು ಜಿಲ್ಹಾ ಯೋಜನಾ ಸಮಿತಿಯೆಂಬುದೂ ಸಂವಿಧಾನದಲ್ಲಿಯೇ ವಿಧಿಸಲ್ಪಟ್ಟಿದೆ.

ಈ ಕೊನೆಯ ಏರ್ಪಾಡು ಬೀದರದಂಥ ಜಿಲ್ಹೆಗೆ ಎಷ್ಟು ಅವಶ್ಯಕವೆಂಬುದನ್ನು ಕರೇಜವೇ ತೋರಿಸುತ್ತದೆ. ತಾಯಿಬಾವಿಯು ಊರ ಹೊರಗಿನ ಬಯಲಿನಲ್ಲಿ, ನೀರು ಕುಡಿಯುವವನು ಊರೊಳಗೆ. ಬಯಲಿನಲ್ಲಿ ಮನೆಗಳೆದ್ದು ಜಂಬಿಟ್ಟಿಗೆಯ ಮೇಲೆ ಗಚ್ಚು ಬಿದ್ದರೆ ಮಳೆಯು ಒಳಗಿಳಿಯದು. ಮನೆಗಳ ಪಾಯಖಾನೆಯ ಗುಂಡಿಯು ಆ ತೂತುಕಲ್ಲಿಗೆ ತಾಗಿದರೆ ಇಳಿಯಬಾರದ್ದು ಇಳಿಯುವುದು. ೧೮೫೪ರಲ್ಲಿ ಲಂಡನ್ನಿನ ಡಾಕ್ಟರ ಜಾನ್ ಸ್ನೋ ಎಂಬವರು ಒಂದು ಕೇರಿಯಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ನಕಾಶೆಯಲ್ಲಿ ಗುರುತಿಸಿ, ಅವರಲ್ಲಿ ಬಹುತೇಕರು ಒಂದೇ ನೀರೆತ್ತುವ ಪಂಪಿಗೆ ಹೋಗುತ್ತಿದ್ದರೆಂದು ತೋರಿಸಿಕೊಟ್ಟರು. ಹೊಲಸು ಎಲ್ಲಿ ಬೀಳುವುದು, ನೀರು ಎಲ್ಲಿ ಏಳುವುದು ಎಂಬೆರಡನ್ನೂ ಒಂದೇ ನಕಾಶೆಯಲ್ಲಿ ನೋಡಬೇಕೆಂಬುದು ಅಂದಿನಿಂದ ಆರೋಗ್ಯಶಾಸ್ತ್ರದ ಮೊದಲ ಪಾಠವಾಗಿದೆ. ನಮ್ಮಲ್ಲಿ ಒಂದನ್ನು ನಗರದ ಆಡಳಿತವು ನೋಡುತ್ತದೆ, ಮತ್ತೊಂದನ್ನು ಪಕ್ಕದ ಪಂಚಾಯತಿಯು ನೋಡುತ್ತದೆ. ನಡುವೆ ಸುರಂಗವು ಯಾರದೂ ಅಲ್ಲದೆ ಉಳಿಯುತ್ತದೆ. ನೌಬಾದದ ಕಿಂಡಿಬಾವಿಗಳಲ್ಲಿ ಕೆಲವು ಕಸದ ಕುಣಿಗಳಾಗಿ ಹೋದದ್ದು ಹೀಗೆಯೇ.

೨೦೧೪ರಲ್ಲಿ ಬೀದರ ನಗರವು ಜಗತ್ತಿನ ಸ್ಮಾರಕಗಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದರ ಗಮನದ ಪಟ್ಟಿಯಲ್ಲಿ ಸೇರಿತು. ಕೇರಳದ ಭೂಗೋಳಜ್ಞರಾದ ಗೋವಿಂದನ್‌ಕುಟ್ಟಿಯವರು ಸುರಂಗದ ಜಾಡನ್ನು ಶೋಧಿಸಿ ತಿಳಿಯಪಡಿಸಿದರು. ಅನುರಾಗ ತಿವಾರಿಯವರು ಜಿಲ್ಹಾಧಿಕಾರಿಗಳಾಗಿದ್ದ ಕಾಲದಲ್ಲಿ ನೌಬಾದದ ಕರೇಜದ ಹೂಳನ್ನು ತೆಗೆಯುವ ಕೆಲಸವು ಕೈಕೊಳ್ಳಲ್ಪಟ್ಟು, ಜಿಲ್ಹೆಯ ಹಲವು ಕೆರೆಬಾವಿಗಳ ಹೂಳೂ ತೆಗೆಯಲ್ಪಟ್ಟಿತು. ಆಗ ಅದು ಬರಗಾಲವು. ೨೦೧೬ರ ಏಪ್ರಿಲದಲ್ಲಿ ನಮ್ಮ ನೆರೆಯ ಲಾತೂರಿಗೆ ಮಿರಜದಿಂದ ಉಗಿಬಂಡಿಯ ಡಬ್ಬಿಗಳಲ್ಲಿ ಕುಡಿಯುವ ನೀರನ್ನು ತರಬೇಕಾಗಿ ಬಂದಿತ್ತು. ಲಾತೂರು ನೆಚ್ಚಿಕೊಂಡದ್ದು ಮಾಂಜರಾ ನದಿಯನ್ನೇ. ಅದೇ ನದಿಯು ಅಲ್ಲಿಂದ ಇಳಿದು ಭಾಲ್ಕಿ ಔರಾದಗಳ ಹಳ್ಳಿಗಳಿಗೆ ಬರುವುದು. ಮೇಲಿನ ಊರಿನ ಕಟ್ಟೆಯು ಬತ್ತಿದ ವರ್ಷ ಕೆಳಗಿನವರ ಗತಿಯೇನೆಂಬುದಕ್ಕೆ ಬೇರೆ ಉದಾಹರಣೆಯು ಬೇಡ. ಅಂಥ ವರ್ಷದಲ್ಲಿ ಸುರಂಗದ ಬಾಯಿಯಲ್ಲಿ ಆರುನೂರು ವರ್ಷಗಳ ಹಿಂದಿನವರು ಹರಿಸಿದ ನೀರು ತಿರುಗಿ ಕಂಡಾಗ ಜನರು ಗುಂಪುಗುಂಪಾಗಿ ಹೋಗಿ ನೋಡಿದುದು ಸೋಜಿಗವಲ್ಲ.

ಔರಾದಕ್ಕೆ ಸುರಂಗವಿಲ್ಲ. ಅಮರೇಶ್ವರನ ಜಾತ್ರೆಗೆ ನೆರೆಯುವ ಜನಕ್ಕೂ ದನಕ್ಕೂ ಅಲ್ಲಿ ನೀರು ಬಾವಿ ಕೆರೆಗಳಿಂದಲೂ ಕೊಳವೆಯಿಂದಲೂ ಬರಬೇಕು. ಜಾತ್ರೆಯೆಂದರೆ ಹಿಂದೆ ಕಾಲರಾದ ಹಬ್ಬವೂ ಆಗುತ್ತಿತ್ತೆಂಬುದನ್ನು ಹಿರಿಯರು ಬಲ್ಲರು; ಎತ್ತು ಹೂಡಿಕೊಂಡು ಹೋದ ಮನೆಯಲ್ಲಿ ಮರಳಿ ಬಂದವರನ್ನು ಎಣಿಸುವುದಿತ್ತು. ೨೦೧೯ರಿಂದ ಮನೆಮನೆಗೆ ನಳದ ನೀರನ್ನು ಮುಟ್ಟಿಸುವ ಕೇಂದ್ರ ಸರಕಾರದ ಯೋಜನೆಯು ಜಿಲ್ಹೆಯ ಹಳ್ಳಿಗಳಲ್ಲಿ ನಡೆದುಬಂದಿದೆ; ಅದರ ನಿಯಮದಂತೆ ಗ್ರಾಮದ ನೀರು ಸಮಿತಿಯೇ ಗ್ರಾಮದ ಯೋಜನೆಯನ್ನು ಬರೆಯಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಊರಿನ ಹೆಂಗಸರಲ್ಲಿಯೇ ಐವರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕು. ಕೊಡ ಹೊತ್ತವರಿಗೇ ನೀರಿನ ಗುಣವನ್ನು ನಿರ್ಣಯಿಸುವ ಅಧಿಕಾರವು ಕಾಗದದ ಮೇಲಾದರೂ ಬಂದುದು ಈ ಸೀಮೆಯಲ್ಲಿ ಇದೇ ಮೊದಲು. ಔರಾದದಿಂದ ಬೇರ್ಪಟ್ಟು ಈಚೆಗೆ ಪ್ರತ್ಯೇಕ ತಾಲೂಕಾದ ಕಮಲನಗರದ ಹಳ್ಳಿಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ. ಈ ಯೋಜನೆಯ ಕಾಗದಗಳು ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ಇರುತ್ತವೆ, ಕನ್ನಡದಲ್ಲಿ ಇರುತ್ತವೆ.